ಶಂಭುನಾಥ ದೇ

ಕಾಲರಾ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ ಊರಿಗೆ ಊರೇ ನಡುಗುತ್ತಿದ್ದ ಕಾಲವೊಂದಿತ್ತು. ಬೆಳಗ್ಗೆ ಹೊಲಕ್ಕೆ ಹೋದ ಗಟ್ಟಿಮುಟ್ಟಾದ ಆಳು ಮಧ್ಯಾಹ್ನ ವಾಂತಿಭೇದಿಯಿಂದ ನೆಲ ಹಿಡಿದು, ಮರುದಿನ ಹೊತ್ತು ಮೂಡುವುದರೊಳಗಾಗಿ ಕೊನೆಯುಸಿರೆಳೆಯುತ್ತಿದ್ದನು. ಅಕ್ಕಿ ತೊಳೆದ ನೀರಿನಂತಹ ಭೇದಿ ಒಂದೇ ಸಮನೆ ಹರಿಯುವುದು, ಕಣ್ಣುಗಳು ಗುಳಿಬೀಳುವುವು, ಬೆರಳ ತುದಿಯ ಚರ್ಮ ಸುಕ್ಕುಗಟ್ಟುವುದು, ಧ್ವನಿ ಉಡುಗಿ ನಾಡಿ ಕೈಗೆ ಸಿಕ್ಕದಂತಾಗುವುದು. ಮನೆಯಲ್ಲಿ ಒಬ್ಬರನ್ನು ಸುಟ್ಟು ಬರುವಷ್ಟರಲ್ಲಿ ಮತ್ತೊಬ್ಬರು ಹಾಸಿಗೆ ಹಿಡಿದಿರುತ್ತಿದ್ದರು. ಇದನ್ನು ಜನರು ದೇವತೆಯ ಮುನಿಸೆಂದು ನಂಬಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಬಂಗಾಳದ ಹಳ್ಳಿಗಳಲ್ಲಿ ಓಲಾಬೀಬಿ ಎಂಬ ದೇವತೆಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಹರಕೆ ಹೊತ್ತು ಈ ರೋಗದಿಂದ ಕಾಪಾಡೆಂದು ಬೇಡುತ್ತಿದ್ದರು. ನಮ್ಮ ನಾಡಿನಲ್ಲಿಯೂ ಇಂತಹ ಪಿಡುಗುಗಳು ಬಂದಾಗ ಊರ ಮಾರಮ್ಮನಿಗೆ ಪೂಜೆ ಸಲ್ಲುತ್ತಿದ್ದಿತು.

ಗಂಗಾ ನದಿಯು ಸಮುದ್ರವನ್ನು ಸೇರುವ ತಗ್ಗು ನೆಲವೇ ಕಾಲರಾದ ತವರು. 1817ರಲ್ಲಿ ಅಲ್ಲಿಂದ ಹೊರಟ ರೋಗವು ಏಷ್ಯದ ದೇಶಗಳನ್ನು ವ್ಯಾಪಿಸಿತು. ಅನಂತರದ ದಶಕಗಳಲ್ಲಿ ಯುರೋಪು, ಅಮೆರಿಕಗಳೂ ಅದರ ಹಾವಳಿಗೆ ಸಿಲುಕಿದುವು. ಜರ್ಮನಿಯ ಪ್ರಸಿದ್ಧ ವಿಜ್ಞಾನಿ ರಾಬರ್ಟ್ ಕಾಖ್ ಈ ರೋಗದ ಮೂಲವನ್ನು ಹುಡುಕುತ್ತ 1883ರ ಕೊನೆಯಲ್ಲಿ ಕಲ್ಕತ್ತೆಗೆ ಬಂದನು. ಅಲ್ಲಿ ಅವನು ರೋಗಿಗಳ ಕರುಳಿನಲ್ಲಿಯೂ ಕೆರೆಯ ನೀರಿನಲ್ಲಿಯೂ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಒಂದು ಸೂಕ್ಷ್ಮಜೀವಿಯನ್ನು ಕಂಡು, 1884ರಲ್ಲಿ ಅದೇ ಕಾಲರಾಕ್ಕೆ ಕಾರಣವೆಂದು ಸಾರಿದನು. ಈ ಜೀವಿಯು ಕರುಳಿನೊಳಗೆ ಇದ್ದುಕೊಂಡೇ ಯಾವುದೋ ವಿಷವನ್ನು ಹೊರಸೂಸುತ್ತಿರಬೇಕೆಂದೂ ಅವನು ಊಹಿಸಿದ್ದನು. ಆದರೆ ಆ ವಿಷವನ್ನು ಅವನು ತೋರಿಸಲಾಗಲಿಲ್ಲ. ಪ್ರಾಣಿಗಳಿಗೆ ಕಾಲರಾ ಸಹಜವಾಗಿ ತಗಲುವುದಿಲ್ಲವಾದ್ದರಿಂದ ಪ್ರಯೋಗದ ದಾರಿಯೇ ಮುಚ್ಚಿದಂತಿತ್ತು. ಕಾಖ್‌ನ ಶಿಷ್ಯನಾದ ರಿಚರ್ಡ್ ಫೈಫರ್ ಎಂಬುವನು ಬೇರೊಂದು ಸಿದ್ಧಾಂತವನ್ನು ಮುಂದಿಟ್ಟನು. ವಿಷವು ರೋಗಾಣುವಿನ ಒಡಲಿನಲ್ಲಿಯೇ ಅಡಗಿದ್ದು, ಅದು ಸತ್ತು ಒಡೆದಾಗ ಮಾತ್ರ ಹೊರಬೀಳುವುದೆಂದು ಅವನ ಮತ. ಗುರುವಿನ ಊಹೆ ಹಿಂದೆ ಸರಿದು ಶಿಷ್ಯನ ಸಿದ್ಧಾಂತವೇ ಅರ್ಧ ಶತಮಾನಕ್ಕೂ ಮಿಕ್ಕು ಕಾಲ ಪುಸ್ತಕಗಳಲ್ಲಿ ನೆಲೆನಿಂತಿತು. ಗುರುವಿನ ಊಹೆಯೇ ನಿಜವೆಂದು ತೋರಿಸಲು 75 ವರ್ಷಗಳು ಬೇಕಾದುವು. ಅದನ್ನು ತೋರಿಸಿದವರು ಅದೇ ಕಲ್ಕತ್ತೆಯ ಒಬ್ಬ ಅಧ್ಯಾಪಕರು. ಅವರೇ ಶಂಭುನಾಥ ದೇ.

ಶಂಭುನಾಥರು 1915ನೆಯ ಇಸವಿ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಹುಟ್ಟಿದರು. ತಂದೆ ದಾಶರಥಿ ದೇ ಅವರಿಗೆ ವ್ಯಾಪಾರ ಕೈಹತ್ತಲಿಲ್ಲ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ಚಿಕ್ಕಂದಿನಲ್ಲಿ ಶಂಭುನಾಥರ ಓದಿಗೆ ಆಸರೆಯಾಗಿ ನಿಂತವರು ಅವರ ತಂದೆಯ ಸೋದರ ಆಶುತೋಷ ದೇ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದ ಹುಡುಗನಿಗೆ ಜಿಲ್ಲಾ ವಿದ್ಯಾರ್ಥಿವೇತನ ದೊರೆತುದರಿಂದ ಹೂಗ್ಲಿಯ ಮೊಹಸಿನ್ ಕಾಲೇಜನ್ನು ಸೇರುವುದು ಸಾಧ್ಯವಾಯಿತು. ಮುಂದೆ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಓದಿ 1939ರಲ್ಲಿ ವೈದ್ಯ ಪದವಿಯನ್ನೂ 1942ರಲ್ಲಿ ಉಷ್ಣವಲಯದ ರೋಗಗಳ ಚಿಕಿತ್ಸೆಯಲ್ಲಿ ಡಿಪ್ಲೊಮಾವನ್ನೂ ಪಡೆದರು.

ವೈದ್ಯರಾದವರು ರೋಗಿಗಳನ್ನು ನೋಡಿ ಹಣ ಸಂಪಾದಿಸುವುದು ಲೋಕದ ರೂಢಿ. ಬಡತನವನ್ನು ಕಂಡ ಮನೆಯ ಮಗನಿಗೆ ಆ ಆಸೆ ಇದ್ದಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಶಂಭುನಾಥರ ಮನಸ್ಸು ಪ್ರಯೋಗಶಾಲೆಯ ಕಡೆಗೆ ಹರಿಯಿತು. ಅವರು ತಾವು ಕಲಿತ ಕಾಲೇಜಿನಲ್ಲಿಯೇ ರೋಗಶಾಸ್ತ್ರದ ಬೋಧಕರಾದರು. ಅಲ್ಲಿನ ಪ್ರಾಧ್ಯಾಪಕರಾಗಿದ್ದ ಮಣೀಂದ್ರನಾಥ ದೇ ಅವರು ಈ ತರುಣನ ಬುದ್ಧಿಶಕ್ತಿಯನ್ನು ಮೆಚ್ಚಿಕೊಂಡರು. ಅವರ ಮಗಳನ್ನೇ ಶಂಭುನಾಥರು ವಿವಾಹವಾದರು. ದೇಶವು ಸ್ವತಂತ್ರವಾದ 1947ರಲ್ಲಿ ಶಂಭುನಾಥರು ಲಂಡನ್ನಿಗೆ ತೆರಳಿ, ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಯ್ ಕ್ಯಾಮರಾನ್ ಎಂಬ ಹೆಸರಾಂತ ರೋಗಶಾಸ್ತ್ರಜ್ಞರ ಕೈಕೆಳಗೆ ಸಂಶೋಧನೆಗೆ ತೊಡಗಿದರು. ಅಲ್ಲಿ ಅವರು ಅಭ್ಯಾಸ ಮಾಡಿದುದು ಮೆದುಳಿನಲ್ಲಿ ನೀರು ತುಂಬಿಕೊಳ್ಳುವ ರೋಗವನ್ನು. ನರಮಂಡಲಕ್ಕೆ ಆದ ಆಘಾತದಿಂದ ಶ್ವಾಸಕೋಶಗಳಲ್ಲಿ ನೀರು ಸೇರುವ ಬಗೆಯನ್ನು ಕುರಿತು ಕ್ಯಾಮರಾನರೊಡನೆ ಒಂದು ಲೇಖನವನ್ನೂ ಪ್ರಕಟಿಸಿದರು. ದೇಹದಲ್ಲಿ ನೀರು ಇರಬಾರದ ಕಡೆಗೆ ಏಕೆ ನುಗ್ಗುತ್ತದೆ ಎಂಬ ಪ್ರಶ್ನೆಯು ಈ ರೀತಿಯಾಗಿ ಅವರ ವಿದ್ಯಾಭ್ಯಾಸದ ಕಾಲದಲ್ಲಿಯೇ ಅವರ ಕೈಗೆ ಬಂದಿದ್ದಿತು. 1949ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದು ಅವರು ಕಲ್ಕತ್ತೆಗೆ ಮರಳಿದರು.

ಆಗ ಅವರು ಕೆಲಸಕ್ಕೆ ಸೇರಿದುದು ನೀಲರತನ್ ಸರ್ಕಾರ್ ವೈದ್ಯಕೀಯ ಕಾಲೇಜಿನಲ್ಲಿ. ಲಂಡನ್ನಿನ ಸಲಕರಣೆಗಳು ಇಲ್ಲಿರಲಿಲ್ಲ. ಕಾಲರಾ ರೋಗಿಗಳಿಗೆ ಮಾತ್ರ ಬರವಿರಲಿಲ್ಲ. ರೋಗಿಯ ರಕ್ತ ಗಟ್ಟಿಯಾಗಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುವುದನ್ನು ದೇ ಅವರು ಸೂಕ್ಷ್ಮವಾಗಿ ಪರೀಕ್ಷಿಸಿದರು. ಪರೀಕ್ಷಿಸಿದಷ್ಟೂ ಅವರ ಗಮನ ಮೂತ್ರಪಿಂಡಗಳಿಂದ ಕರುಳಿಗೆ ತಿರುಗಿತು. ನೀರು ಸೋರುತ್ತಿದ್ದುದು ಅಲ್ಲಿ. ಉಳಿದುದೆಲ್ಲವೂ ಅದರ ಪರಿಣಾಮ.

ಕರುಳು ಸಾಮಾನ್ಯವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ನಾವು ದಿನಕ್ಕೆ ಸುಮಾರು 2 ಲೀಟರ್ ನೀರನ್ನು ಆಹಾರ ಪಾನೀಯಗಳ ರೂಪದಲ್ಲಿ ಸೇವಿಸುತ್ತೇವೆ. ಜೊಲ್ಲು, ಜಠರರಸ, ಪಿತ್ತರಸ ಮೊದಲಾದ ಜೀರ್ಣರಸಗಳು ಇನ್ನೂ ಸುಮಾರು 7 ಲೀಟರಿನಷ್ಟು ಸೇರುತ್ತವೆ. ಇಷ್ಟೆಲ್ಲ ನೀರಿನಲ್ಲಿ ಮಲದೊಡನೆ ಹೊರಹೋಗುವುದು ಕಾಲು ಲೀಟರಿಗಿಂತಲೂ ಕಡಿಮೆ. ಮಿಕ್ಕುದನ್ನು ಕರುಳು ಮರಳಿ ಹೀರಿಕೊಂಡು ರಕ್ತಕ್ಕೆ ಒಪ್ಪಿಸುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳುಗಳಂತೆ ಚಾಚಿಕೊಂಡಿರುವ ಅತಿಸೂಕ್ಷ್ಮವಾದ ರಸಾಂಕುರಗಳಿವೆ. ಅವುಗಳ ಮೇಲಿನ ಜೀವಕೋಶಗಳು ಉಪ್ಪಿನ ಅಂಶವಾದ ಸೋಡಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಉಪ್ಪು ಹೋದ ಕಡೆಗೆ ನೀರು ಹೋಗುತ್ತದೆ. ರಸಾಂಕುರಗಳ ಬುಡದಲ್ಲಿರುವ ಜೀವಕೋಶಗಳು ಇದಕ್ಕೆ ವಿರುದ್ಧವಾಗಿ ಕ್ಲೋರೈಡ್ ಅಯಾನುಗಳನ್ನು ಸ್ವಲ್ಪ ಸ್ವಲ್ಪವಾಗಿ ಕರುಳಿನೊಳಕ್ಕೆ ಬಿಡುತ್ತಿರುತ್ತವೆ. ಈ ಒಳಹರಿವು ಹೊರಹರಿವುಗಳ ಲೆಕ್ಕ ತಪ್ಪದಿರುವವರೆಗೆ ದೇಹಕ್ಕೆ ಕ್ಷೇಮ. ಕಾಲರಾ ತೀವ್ರವಾದಾಗ ಒಂದು ಗಂಟೆಗೆ ಒಂದು ಲೀಟರಿನಷ್ಟು ನೀರು ದೇಹದಿಂದ ಹರಿದುಹೋಗಬಲ್ಲದು. ಈ ವಿವರಗಳಲ್ಲಿ ಬಹುಪಾಲು ದೇ ಅವರು ಕೆಲಸ ಪ್ರಾರಂಭಿಸಿದಾಗ ಯಾರಿಗೂ ತಿಳಿದಿರಲಿಲ್ಲ. ಕಾಲರಾದಲ್ಲಿ ಕರುಳಿನ ಲೋಳೆಪೊರೆ ಸುಲಿದುಹೋಗುತ್ತದೆ, ಅದರಿಂದಲೇ ನೀರು ಸೋರುತ್ತದೆ ಎಂಬುದು ಅಂದಿನ ಅನೇಕ ವೈದ್ಯರ ನಂಬಿಕೆಯಾಗಿದ್ದಿತು.

ಅದುವರೆಗೆ ಪ್ರಯೋಗ ಮಾಡಿದವರಲ್ಲಿ ಹೆಚ್ಚಿನವರು ರೋಗಾಣುಗಳನ್ನು ಪ್ರಾಣಿಯ ರಕ್ತನಾಳಕ್ಕೋ ಹೊಟ್ಟೆಯ ಪೊಳ್ಳಿಗೋ ಚುಚ್ಚುತ್ತಿದ್ದರು. ಪ್ರಾಣಿ ಸಾಯುತ್ತಿದ್ದಿತು, ಆದರೆ ಅದಕ್ಕೆ ಭೇದಿಯಾಗುತ್ತಿರಲಿಲ್ಲ. ಭೇದಿಯೇ ಇಲ್ಲದ ಕಾಲರಾ ಎಂತಹ ಕಾಲರಾ? ದೇ ಅವರ ಯೋಚನೆ ಹೇಳಲು ಬಹು ಸರಳ. ರೋಗದ ನೆಲೆ ಕರುಳು. ಆದುದರಿಂದ ರೋಗಾಣುವನ್ನು ಕರುಳಿನೊಳಗೇ ಇಡಬೇಕು. ಕರುಳಿನ ಚಲನೆಯಿಂದ ಅದು ಕೊಚ್ಚಿಹೋಗದಂತೆ ತಡೆಯಬೇಕು. ಅವರು ಮೊಲವೊಂದರ ಹೊಟ್ಟೆಯನ್ನು ತೆರೆದು, ಸಣ್ಣ ಕರುಳಿನ ಒಂದು ತುಂಡನ್ನು ಕತ್ತರಿಸದೆಯೇ ಎರಡು ಕಡೆ ರೇಷ್ಮೆದಾರದಿಂದ ಬಿಗಿದು ಕಟ್ಟಿದರು. ರಕ್ತಸಂಚಾರಕ್ಕೆ ಅಡ್ಡಿಯಿಲ್ಲದ, ಎರಡೂ ತುದಿ ಮುಚ್ಚಿದ ಒಂದು ಚೀಲ ಹೀಗೆ ಸಿದ್ಧವಾಯಿತು. ಅದರೊಳಕ್ಕೆ ಕಾಲರಾ ರೋಗಾಣುಗಳನ್ನು ಬೆಳೆಸಿದ ಸಾರವನ್ನು ಸೂಜಿಯಿಂದ ಸೇರಿಸಿ, ಹೊಟ್ಟೆಯನ್ನು ಹೊಲಿದರು. ಹೋಲಿಕೆಗಾಗಿ ರೋಗಾಣುಗಳಿಲ್ಲದ ಸಾರವನ್ನು ತುಂಬಿದ ತುಂಡುಗಳೂ ಇದ್ದುವು. ಮರುದಿನ ನೋಡಿದಾಗ ರೋಗಾಣುಗಳಿದ್ದ ತುಂಡು ಊದಿಕೊಂಡು, ಅಕ್ಕಿ ತೊಳೆದ ನೀರಿನಂತಹ ದ್ರವದಿಂದ ಬಿರಿಯುವಂತಾಗಿದ್ದಿತು. ಹೋಲಿಕೆಯ ತುಂಡುಗಳು ಚಪ್ಪಟೆಯಾಗಿ ಬಿದ್ದಿದ್ದುವು.

ಒಂದು ಮೊಲ, ಸ್ವಲ್ಪ ರೇಷ್ಮೆದಾರ, ಒಂದು ಸೂಜಿ. ಇವುಗಳಿಂದ ಶತಮಾನದ ಕಗ್ಗಂಟಿನ ಮೊದಲ ಎಳೆ ಬಿಚ್ಚಿತು. ಡಿ. ಎನ್. ಚಟರ್ಜಿ ಎಂಬ ಸಹೋದ್ಯೋಗಿಯೊಡನೆ ದೇ ಅವರು ಈ ಫಲಿತಾಂಶವನ್ನು 1953ರಲ್ಲಿ ಪ್ರಕಟಿಸಿದರು. ಇಂತಹುದೇ ಪ್ರಯೋಗವನ್ನು ಇಬ್ಬರು ಸಂಶೋಧಕರು 1915ರಲ್ಲಿ, ಎಂದರೆ ದೇ ಅವರು ಹುಟ್ಟಿದ ವರ್ಷದಲ್ಲಿ, ಮಾಡಿದ್ದರೆಂಬುದು ಆಮೇಲೆ ಬೆಳಕಿಗೆ ಬಂದಿತು. ಆ ವರದಿಯನ್ನು ಲೋಕವು ಮರೆತಿದ್ದಿತು. ದೇ ಅವರಿಗೂ ಅದರ ಸುಳಿವಿರಲಿಲ್ಲ. ಮರೆತುಹೋದ ಸತ್ಯವನ್ನು ಮತ್ತೊಮ್ಮೆ ಮೊದಲಿನಿಂದ ಕಂಡುಹಿಡಿಯಬೇಕಾಗುವುದು ವಿಜ್ಞಾನದ ಇತಿಹಾಸದಲ್ಲಿ ಅಪರೂಪವೇನೂ ಅಲ್ಲ.

1955ರಲ್ಲಿ ದೇ ಅವರು ಕಲ್ಕತ್ತೆಯ ವೈದ್ಯಕೀಯ ಕಾಲೇಜಿಗೆ ರೋಗಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಹಿಂದಿರುಗಿದರು. ಮರುವರ್ಷ ಇದೇ ವಿಧಾನದಿಂದ, ಸಾಮಾನ್ಯವಾಗಿ ನಮ್ಮ ಕರುಳಿನಲ್ಲಿ ತೊಂದರೆಯಿಲ್ಲದೆ ಬಾಳುವ ಕೋಲೈ ಎಂಬ ಸೂಕ್ಷ್ಮಜೀವಿಯ ಕೆಲವು ಬಗೆಗಳು ಕೂಡ ಕರುಳಿನಲ್ಲಿ ನೀರು ತುಂಬಿಸಬಲ್ಲವೆಂದು ಅವರೂ ಅವರ ಸಂಗಡಿಗರೂ ತೋರಿಸಿದರು. ಎಳೆಯ ಮಕ್ಕಳನ್ನೂ ಪ್ರವಾಸಿಗರನ್ನೂ ಕಾಡುವ ಭೇದಿಯ ಒಂದು ಮುಖ್ಯ ಕಾರಣ ಇದೇ ಎಂಬುದು ವರ್ಷಗಳ ತರುವಾಯ ಖಚಿತವಾಯಿತು.

ಮುಖ್ಯ ಪ್ರಶ್ನೆ ಇನ್ನೂ ಉಳಿದಿದ್ದಿತು. ಕರುಳಿನಲ್ಲಿ ನೀರು ತುಂಬಿಸುವುದು ಜೀವಂತ ರೋಗಾಣುವೋ, ಅದರ ಸತ್ತ ಒಡಲೋ, ಅಥವಾ ಅದು ಬದುಕಿರುವಾಗ ಸೂಸುವ ವಿಷವೋ? ದೇ ಅವರು ರೋಗಾಣುಗಳನ್ನು ಸಾರದಲ್ಲಿ ಬೆಳೆಸಿ, ಒಂದು ರೋಗಾಣುವೂ ನುಸುಳಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಆ ಸಾರವನ್ನು ಸೋಸಿದರು. ಕೆಳಗಿಳಿದ ದ್ರವದಲ್ಲಿ ಜೀವಿಗಳಿರಲಿಲ್ಲ. ಆ ದ್ರವವನ್ನು ಕಟ್ಟಿದ ಕರುಳಿನ ತುಂಡಿಗೆ ಸೇರಿಸಿದಾಗಲೂ ತುಂಡು ಮೊದಲಿನಂತೆಯೇ ಊದಿಕೊಂಡಿತು. ರೋಗಾಣುಗಳಿಲ್ಲದೆಯೇ ಕಾಲರಾದ ಭೇದಿ! 1959ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಈ ವಿಷಯ ಪ್ರಕಟವಾಯಿತು. ಲೇಖನದಲ್ಲಿ ದೇ ಅವರೊಬ್ಬರದೇ ಹೆಸರು. ಅದು ಎರಡು ಪುಟಗಳನ್ನೂ ಮೀರಲಿಲ್ಲ. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಔಷಧಶಾಸ್ತ್ರಜ್ಞರಾದ ಎನ್. ಕೆ. ದತ್ತ ಅವರೂ ಅವರ ಸಂಗಡಿಗರೂ ಮೊಲದ ಮರಿಗಳಲ್ಲಿ ಕಾಲರಾದ ವಿಷದ ಪರಿಣಾಮವನ್ನು ತೋರಿಸಿದರು. ಎರಡು ನಗರಗಳಲ್ಲಿ, ಎರಡು ಬೇರೆ ದಾರಿಗಳಿಂದ, ಭಾರತದ ವಿಜ್ಞಾನಿಗಳು ಒಂದೇ ಗುರಿಯ ಕಡೆಗೆ ನಡೆದಿದ್ದರು.

ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕೆಲಸವು ದೇ ಅವರ ಪ್ರಯೋಗಶಾಲೆಯಲ್ಲಿ ಆಗಲಿಲ್ಲ. ಅದಕ್ಕೆ ಬೇಕಾದ ಬೆಲೆಬಾಳುವ ಉಪಕರಣಗಳು ಅಲ್ಲಿರಲಿಲ್ಲ. 1969ರಲ್ಲಿ ಅಮೆರಿಕದಲ್ಲಿ ಫಿಂಕಲ್‌ಸ್ಟೈನ್ ಮತ್ತು ಲೊಸ್ಪಲೂಟೊ ಎಂಬುವರು ಅದನ್ನು ಸಾಧಿಸಿದರು. ಅನಂತರ ವಿಷದ ಕಾರ್ಯವಿಧಾನ ಒಂದೊಂದಾಗಿ ತಿಳಿದುಬಂದಿತು. ಅದೊಂದು ಪ್ರೋಟೀನು. ಅದರ ಐದು ತುಣುಕುಗಳು ಕರುಳಿನ ಜೀವಕೋಶದ ಮೈಗೆ ಅಂಟಿಕೊಳ್ಳುತ್ತವೆ. ಆರನೆಯ ಭಾಗವು ಒಳಸೇರಿ, ಅಯಾನುಗಳ ಹರಿವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ಕೆಡಿಸುತ್ತದೆ. ಕೊಳಾಯಿಯ ತಿರುಪು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ ಹೇಗೋ ಹಾಗೆ ಕ್ಲೋರೈಡ್ ಅಯಾನುಗಳು ಕರುಳಿನೊಳಕ್ಕೆ ಸುರಿಯತೊಡಗುತ್ತವೆ. ಅವುಗಳ ಬೆನ್ನ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಜೀವಕೋಶವು ಸಾಯುವುದಿಲ್ಲ, ಲೋಳೆಪೊರೆ ಸುಲಿಯುವುದೂ ಇಲ್ಲ. 1960ರಲ್ಲಿ ಬ್ಯಾಂಕಾಕಿನ ರೋಗಿಗಳ ಕರುಳಿನಿಂದ ತೆಗೆದ ಚೂರುಗಳನ್ನು ಪರೀಕ್ಷಿಸಿದಾಗಲೂ ಪೊರೆ ಇದ್ದ ಹಾಗೆಯೇ ಇರುವುದು ಕಂಡುಬಂದಿದ್ದಿತು.

ಇದು ಕೇವಲ ಪಂಡಿತರ ವಾದವೆಂದು ತೋರಬಹುದು. ಆದರೆ ಲಕ್ಷಾಂತರ ಜನರ ಬದುಕು ಈ ಒಂದು ಸಂಗತಿಯನ್ನು ಅವಲಂಬಿಸಿದ್ದಿತು. ಪೊರೆಯೇ ಸುಲಿದಿದ್ದರೆ ರೋಗಿಗೆ ಕುಡಿಸಿದ ನೀರು ವ್ಯರ್ಥ. ಪೊರೆ ಉಳಿದಿದ್ದರೆ ಹೀರುವ ಶಕ್ತಿಯೂ ಉಳಿದಿರಬಹುದು. 1960ರಲ್ಲಿಯೇ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿಯು, ಗ್ಲೂಕೋಸು ಕರುಳಿನ ಜೀವಕೋಶವನ್ನು ಪ್ರವೇಶಿಸುವಾಗ ಸೋಡಿಯಂ ಅಯಾನನ್ನೂ ಜೊತೆಗೆ ಕರೆದೊಯ್ಯುತ್ತದೆ ಎಂದು ಸೂಚಿಸಿದನು. ಕಾಲರಾದ ವಿಷವು ಬೇರೆ ಬಾಗಿಲುಗಳನ್ನು ಕೆಡಿಸಿದರೂ ಈ ಬಾಗಿಲನ್ನು ಮುಟ್ಟುವುದಿಲ್ಲ. ಸಕ್ಕರೆ ಬೆರೆಸಿದ ಉಪ್ಪುನೀರನ್ನು ಕುಡಿಸಿದರೆ, ರಕ್ತನಾಳಕ್ಕೆ ಸೂಜಿ ಚುಚ್ಚದೆಯೇ ಅನೇಕ ರೋಗಿಗಳನ್ನು ಉಳಿಸಬಹುದೆಂದು 1968ರಲ್ಲಿ ಢಾಕಾದಲ್ಲಿ ನಡೆದ ಪರೀಕ್ಷೆಗಳು ತೋರಿಸಿಕೊಟ್ಟುವು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರಲ್ಲಿ ಕಾಲರಾ ಹಬ್ಬಿದಾಗ, ಬನಗಾಂವ್ ಎಂಬ ಗಡಿ ಊರಿನ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನವೀಸರು ಈ ದ್ರಾವಣವನ್ನೇ ನೆಚ್ಚಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಈ ಚಿಕಿತ್ಸೆಯನ್ನು ದೇ ಅವರು ಕಂಡುಹಿಡಿದರೆಂದು ಹೇಳುವುದು ಸರಿಯಾಗದು. ಕಾಲರಾವು ಕರುಳನ್ನು ನಾಶಮಾಡುವ ರೋಗವಲ್ಲ, ಕರುಳಿನ ನೀರಿನ ಲೆಕ್ಕವನ್ನು ಕೆಡಿಸುವ ವಿಷದ ಕೆಲಸ ಎಂಬ ತಿಳಿವಳಿಕೆಗೆ ತಳಹದಿ ಹಾಕಿದವರಲ್ಲಿ ಅವರು ಮೊದಲಿಗರು.

ಇಷ್ಟನ್ನು ಸಾಧಿಸಿದವರನ್ನು ದೇಶವು ಹೇಗೆ ಕಂಡಿತು? ಕಾಲರಾವನ್ನು ಕುರಿತು 1961ರಲ್ಲಿ ಅವರು ಬರೆದ ಗ್ರಂಥವು ವಿದೇಶದಲ್ಲಿ ಅಚ್ಚಾಯಿತು. ಅವರ ಕರುಳುತುಂಡಿನ ವಿಧಾನವನ್ನು ಬೇರೆ ಬೇರೆ ದೇಶಗಳ ಪ್ರಯೋಗಶಾಲೆಗಳು ಕೈಗೊಂಡುವು. ಆದರೆ ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಿಕೊಳ್ಳಲಿಲ್ಲ; ದೊಡ್ಡ ಪ್ರಶಸ್ತಿಯೊಂದೂ ಅವರಿಗೆ ಬರಲಿಲ್ಲ. ಅವರು ಸದ್ದುಗದ್ದಲವಿಲ್ಲದೆ ಪಾಠ ಹೇಳುತ್ತ, ಸಂಶೋಧನೆ ನಡೆಸುತ್ತ 1973ರಲ್ಲಿ ನಿವೃತ್ತರಾದರು. ಅವರ ಲೇಖನದ ಬೆಲೆಯನ್ನು ಅರಿತವರು ದೂರದವರು. ನೊಬೆಲ್ ಪಾರಿತೋಷಕವನ್ನು ಪಡೆದಿದ್ದ ಅಮೆರಿಕದ ಜಾಶುವ ಲೆಡರ್‌ಬರ್ಗ್ ಅವರು ಆ ಪಾರಿತೋಷಕಕ್ಕಾಗಿ ದೇ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಸಲ ಸೂಚಿಸಿದರು. 1978ರಲ್ಲಿ ಕಾಲರಾ ಮತ್ತು ಅದಕ್ಕೆ ಸಂಬಂಧಿಸಿದ ಭೇದಿರೋಗಗಳನ್ನು ಕುರಿತು ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪ್ರತಿಷ್ಠಾನದ ವಿಚಾರ ಸಂಕಿರಣ ನಡೆದಾಗ, ನಿವೃತ್ತರಾಗಿ ಐದು ವರ್ಷ ಕಳೆದಿದ್ದ ದೇ ಅವರಿಗೆ ಆಹ್ವಾನ ಬಂದಿತು. ತಾವು ರೇಷ್ಮೆದಾರದಿಂದ ಪ್ರಾರಂಭಿಸಿದ ಕೆಲಸವು ಎಷ್ಟು ದೊಡ್ಡ ಶಾಸ್ತ್ರವಾಗಿ ಬೆಳೆದಿದೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

1985ನೆಯ ಇಸವಿ ಏಪ್ರಿಲ್ 15ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ ಶಂಭುನಾಥ ದೇ ಅವರು ತೀರಿಕೊಂಡರು. ಐದು ವರ್ಷಗಳ ಬಳಿಕ, 1990ರಲ್ಲಿ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯು ಅವರ ನೆನಪಿಗಾಗಿ ಒಂದು ವಿಶೇಷ ಸಂಚಿಕೆಯನ್ನು ಪ್ರಕಟಿಸಿತು. ಲೆಡರ್‌ಬರ್ಗ್ ಅವರೂ ಅದರಲ್ಲಿ ದೇ ಅವರನ್ನು ಕುರಿತು ಬರೆದರು.